ಗ್ರಂಥಪಾಲಕರ ವೆಬಿನಾರ್‌ಗಳು: ದುಬೈ ಮತ್ತು ಅಬುಧಾಬಿ

ಗ್ರಂಥಾಲಯ ಸಿಬ್ಬಂದಿ ತಮ್ಮ ವೃತ್ತಿಜ್ಞಾನವನ್ನು ಕಾಲಕಾಲಕ್ಕೆ ತಿದ್ದಿಕೊಳ್ಳಲು, ಬೆಳೆಸಿಕೊಳ್ಳಲು ಅಂತರಜಾಲದ ಮೂಲಕ ನೇರವಾಗಿ ನಡೆಯುವ ತರಬೇತಿ ಗೋಷ್ಠಿಗಳು. ಮಕ್ಕಳಲ್ಲಿ ಓದು ಬೆಳೆಸುವ ಬಗೆ, ಮಾಹಿತಿಯನ್ನು ಹುಡುಕಿ ತೂಗಿ ನೋಡುವ ಕೌಶಲ, ದತ್ತಸಂಚಯಗಳ ಬಳಕೆ, ಇ-ಪುಸ್ತಕಗಳ ಖರೀದಿ, ಸೂಚೀಕರಣ, ಈಚೆಗೆ ಕೃತಕ ಬುದ್ಧಿಮತ್ತೆ ಇವು ಅಲ್ಲಿ ಬರುವ ಮುಖ್ಯ ವಿಷಯಗಳು. ಒಂದು ಗೋಷ್ಠಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ನಡೆಯುತ್ತದೆ. ಹೆಸರು ನೋಂದಾಯಿಸಿದವರಿಗೆ ಲಿಂಕ್ ಬರುತ್ತದೆ. ಒಬ್ಬರೋ ಇಬ್ಬರೋ ಮಾತಾಡುತ್ತಾರೆ. ಕೇಳುಗರು ಪ್ರಶ್ನೆಗಳನ್ನು ಬರೆದು ಕಳಿಸುತ್ತಾರೆ. ಮುಗಿದ ಮೇಲೆ ಪ್ರಮಾಣಪತ್ರವೂ ರೆಕಾರ್ಡಿಂಗೂ ಮಿಂಚಂಚೆಗೆ ಬರುತ್ತವೆ.

ಬೇರೆ ದೇಶಗಳಲ್ಲಿ ಇವು ಸಮ್ಮೇಳನ ಮತ್ತು ಪುನಶ್ಚೇತನ ಶಿಬಿರಗಳಿಗೆ ಪೂರಕವಾಗಿ ಬೆಳೆದವು. ಯುಎಇಯಲ್ಲಿ, ಅದರಲ್ಲೂ ದುಬೈ ಮತ್ತು ಅಬುಧಾಬಿಯ ಶಾಲಾ ಗ್ರಂಥಾಲಯಗಳ ಮಟ್ಟಿಗೆ, ಇವೇ ವೃತ್ತಿಯ ಮುಖ್ಯ ಪಾಠಶಾಲೆ. ಅಲ್ಲಿನ ಗ್ರಂಥಪಾಲಕರಲ್ಲಿ ಬಹುಪಾಲು ಜನ ಹೊರನಾಡಿನವರು. ಒಬ್ಬರ ಪದವಿ ಮೈಸೂರಿನದು, ಮತ್ತೊಬ್ಬರದು ಕೈರೋದ್ದು, ಮೂರನೆಯವರದು ಮನಿಲಾದ್ದು. ಒಂದು ಶಾಲೆಗೆ ಹೆಚ್ಚಾಗಿ ಒಬ್ಬರೇ ಗ್ರಂಥಪಾಲಕರಿರುತ್ತಾರೆ. ಗಣಿತದ ಮೇಷ್ಟರಿಗೆ ಸಂದೇಹ ಬಂದರೆ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಗಣಿತದ ಮೇಷ್ಟರು ಇರುತ್ತಾರೆ. ಗ್ರಂಥಪಾಲಕರಿಗೆ ಆ ಭಾಗ್ಯವಿಲ್ಲ. ಸಹೋದ್ಯೋಗಿಯ ಮುಖ ನೋಡಬೇಕಾದರೆ ಪರದೆ ತೆರೆಯಬೇಕು.

ಹಿನ್ನೆಲೆ

ಈ ನಾಡಿನ ಸಾರ್ವಜನಿಕ ಗ್ರಂಥಾಲಯಗಳು ಒಕ್ಕೂಟಕ್ಕಿಂತ ಹಳೆಯವು. ಯುಎಇ ಎಂಬ ಒಕ್ಕೂಟ ರೂಪುಗೊಂಡದ್ದು 1971ರ ಡಿಸೆಂಬರ್ 2ರಂದು. ಶಾರ್ಜಾದ ಗ್ರಂಥಾಲಯದ ಮೂಲ 1925ರಷ್ಟು ಹಿಂದಿನದು. ದುಬೈ ಸಾರ್ವಜನಿಕ ಗ್ರಂಥಾಲಯ ಆಗಿನ ಆಡಳಿತಗಾರ ಶೇಖ್ ರಾಶಿದ್ ಬಿನ್ ಸಯೀದ್ ಅಲ್ ಮಕ್ತೂಮ್ ಅವರ ಕಾಲದಲ್ಲಿ, 1963ರಲ್ಲಿ, ದೇರಾ ಭಾಗದ ಅಲ್ ರಾಸ್‌ನಲ್ಲಿ ಆರಂಭವಾಯಿತು. ಮಸಾಲೆ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರದ ಜಾಗ ಅದು. ಅಬುಧಾಬಿಯಲ್ಲಿ ಅಲ್ಲಿನ ಆಗಿನ ಆಡಳಿತಗಾರ ಶೇಖ್ ಝಾಯಿದ್ 1968ರಲ್ಲಿ ದಾಖಲೆ ಸಂಗ್ರಹಕ್ಕೆಂದು ಸ್ಥಾಪಿಸಿದ ಕೇಂದ್ರವೇ ಇಂದಿನ ರಾಷ್ಟ್ರೀಯ ಗ್ರಂಥಾಲಯ ಮತ್ತು ಪತ್ರಾಗಾರದ ಬೇರು. 1981ರಲ್ಲಿ ಕಲ್ಚರಲ್ ಫೌಂಡೇಶನ್ ಬಂದು ಅದರೊಳಗೆ ಗ್ರಂಥಾಲಯ ನೆಲೆಯಾಯಿತು. ಅಲ್ ಐನ್‌ನ ಯುಎಇ ವಿಶ್ವವಿದ್ಯಾಲಯ (1976), ಹೈಯರ್ ಕಾಲೇಜಸ್ ಆಫ್ ಟೆಕ್ನಾಲಜಿ (1988), ಝಾಯಿದ್ ವಿಶ್ವವಿದ್ಯಾಲಯ (1998) ಈ ಮೂರೂ ಸರ್ಕಾರಿ ಸಂಸ್ಥೆಗಳು ‘ಲಿವಾ’ ಎಂಬ ಕೂಟ ಕಟ್ಟಿಕೊಂಡು ಗ್ರಂಥಾಲಯ ಸೇವೆಗಳನ್ನು ಹಂಚಿಕೊಂಡವು.

ಕಟ್ಟಡ, ಪುಸ್ತಕ, ಕಂಪ್ಯೂಟರ್ ಇವುಗಳಿಗೆ ಹಣದ ಕೊರತೆ ಇರಲಿಲ್ಲ. ಕೆಲಸ ಬಲ್ಲವರನ್ನು ಹೊರಗಿನಿಂದ ಕರೆತರಬೇಕಾಗಿತ್ತು. ಬಂದವರಿಗೆ ಮುಂದಿನ ತರಬೇತಿ ಕೊಡುವವರು ಯಾರು ಎಂಬ ಪ್ರಶ್ನೆಗೆ ಬಹುಕಾಲ ಸರಿಯಾದ ಉತ್ತರವಿರಲಿಲ್ಲ. ಅಮೆರಿಕದ ಸ್ಪೆಷಲ್ ಲೈಬ್ರರೀಸ್ ಅಸೋಸಿಯೇಷನ್‌ನ ಅರೇಬಿಯನ್ ಗಲ್ಫ್ ಶಾಖೆ 1990ರ ದಶಕದಿಂದ ಕೊಲ್ಲಿಯ ಒಂದೊಂದು ನಗರದಲ್ಲಿ ವಾರ್ಷಿಕ ಸಮ್ಮೇಳನ ನಡೆಸುತ್ತ ಬಂತು. 2014ರಿಂದ ಶಾರ್ಜಾ ಪುಸ್ತಕ ಮೇಳದ ದಿನಗಳಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಜೊತೆಗೂಡಿ ಗ್ರಂಥಾಲಯ ಸಮ್ಮೇಳನ ನಡೆಯತೊಡಗಿತು. ದುಬೈನವರಿಗೆ ಶಾರ್ಜಾ ಪಕ್ಕದ ಊರು, ಅಬುಧಾಬಿಯಿಂದಲೂ ಕಾರಿನಲ್ಲಿ ಹೋಗಿ ಬರಬಹುದು. ಆದರೂ ಶಾಲೆಯ ಏಕೈಕ ಗ್ರಂಥಪಾಲಕರು ಬಾಗಿಲಿಗೆ ಬೀಗ ಹಾಕಿ ಎರಡು ದಿನ ಸಮ್ಮೇಳನಕ್ಕೆ ಹೋಗುವುದು ಸುಲಭವಲ್ಲ. ಸಮ್ಮೇಳನಗಳು ಮುಖ್ಯಸ್ಥರ ಪಾಲಾದವು. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಮೇಜಿನ ಹಿಂದೆ ಕೂತವರಿಗೆ ಅವುಗಳ ವರದಿ ಮಾತ್ರ ಸಿಗುತ್ತಿತ್ತು. 1909ರಲ್ಲಿ ಹುಟ್ಟಿದ ಸ್ಪೆಷಲ್ ಲೈಬ್ರರೀಸ್ ಅಸೋಸಿಯೇಷನ್ 2025ರಲ್ಲಿ ತಾನು ವಿಸರ್ಜನೆಯಾಗುವುದಾಗಿ ಘೋಷಿಸಿತು. ಊರ ಹೊರಗಿನ ಸಂಘವನ್ನು ನೆಚ್ಚಿಕೊಂಡ ವೃತ್ತಿಗೆ ಇಂಥ ಅಪಾಯ ಇದ್ದೇ ಇರುತ್ತದೆ.

ಓದಿನ ವರ್ಷ ಮತ್ತು ಅದರ ಹೊರೆ

ಗ್ರಂಥಪಾಲಕರ ಕೆಲಸದ ಸ್ವರೂಪವನ್ನೇ ಬದಲಿಸಿದ್ದು 2016. ಯುಎಇ ಆ ವರ್ಷವನ್ನು ಓದಿನ ವರ್ಷವೆಂದು ಸಾರಿತು; ವರ್ಷದ ಕೊನೆಯ ಭಾಗದಲ್ಲಿ ಓದಿಗೆಂದೇ ಒಂದು ರಾಷ್ಟ್ರೀಯ ಕಾನೂನು ಬಂತು. ಸರ್ಕಾರಿ ನೌಕರರಿಗೆ ಕೆಲಸದ ಅವಧಿಯಲ್ಲೇ ವೃತ್ತಿಗೆ ಸಂಬಂಧಿಸಿದ ಓದಿಗೆ ಸಮಯ, ಹುಟ್ಟಿದ ಮಗುವಿಗೆ ಪುಸ್ತಕದ ಚೀಲ, ಪ್ರತಿ ವರ್ಷ ಓದಿನ ತಿಂಗಳು ಹೀಗೆ ಅದರ ವ್ಯಾಪ್ತಿ ದೊಡ್ಡದು. ಮಾರ್ಚ್ ತಿಂಗಳು ಅಂದಿನಿಂದ ಓದಿನ ತಿಂಗಳಾಗಿದೆ. ಇದಕ್ಕೂ ಸ್ವಲ್ಪ ಮುಂಚೆ, 2015ರಲ್ಲಿ, ದುಬೈ ಆಡಳಿತಗಾರ ಶೇಖ್ ಮೊಹಮ್ಮದ್ ಬಿನ್ ರಾಶಿದ್ ‘ಅರಬ್ ರೀಡಿಂಗ್ ಚಾಲೆಂಜ್’ ಆರಂಭಿಸಿದ್ದರು. ಒಬ್ಬ ವಿದ್ಯಾರ್ಥಿ ಒಂದು ಶಾಲಾ ವರ್ಷದಲ್ಲಿ 50 ಅರಬ್ಬೀ ಪುಸ್ತಕ ಓದಿ ಸಾರಾಂಶ ಬರೆಯಬೇಕೆಂಬುದು ಅದರ ಪಂಥ.

ಈ ಉತ್ಸಾಹದ ಹಿಂದೆ ಆತಂಕವೂ ಇತ್ತು. ಹತ್ತರ ಆಸುಪಾಸಿನ ಮಕ್ಕಳ ಓದನ್ನು ಅಳೆಯುವ ಪಿರ್ಲ್ಸ್ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಅಳತೆಯ ಮಧ್ಯಬಿಂದು 500. 2016ರಲ್ಲಿ ಯುಎಇಯ ಸರಾಸರಿ 450. ದುಬೈ ಪ್ರತ್ಯೇಕವಾಗಿ 515 ಪಡೆದರೆ ಅಬುಧಾಬಿ 414ರಲ್ಲಿ ನಿಂತಿತು. 2021ರ ಸುತ್ತಿನಲ್ಲಿ ದೇಶದ ಸರಾಸರಿ 483ಕ್ಕೆ, ದುಬೈ 552ಕ್ಕೆ, ಅಬುಧಾಬಿ 440ಕ್ಕೆ ಏರಿದವು. ಒಂದೂವರೆ ಗಂಟೆ ದಾರಿಯ ಎರಡು ನಗರಗಳ ನಡುವೆ ನೂರಕ್ಕೂ ಮಿಕ್ಕಿದ ಅಂಕಗಳ ಅಂತರ. ಇದನ್ನು ನೋಡಿ ಒಂದು ನಗರ ಜಾಣ, ಇನ್ನೊಂದು ಹಿಂದುಳಿದದ್ದು ಎಂದು ತೀರ್ಮಾನಿಸುವುದು ಅವಸರವಾದೀತು. ದುಬೈನ ಮಕ್ಕಳಲ್ಲಿ ಬಹುಪಾಲು ಖಾಸಗಿ ಶಾಲೆಗಳಲ್ಲಿ, ಬಹುತೇಕ ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಅಬುಧಾಬಿಯಲ್ಲಿ ಸರ್ಕಾರಿ ಶಾಲೆಗಳ ಮತ್ತು ಅರಬ್ಬೀ ಮಾಧ್ಯಮದ ಪಾಲು ದೊಡ್ಡದು. ಮನೆಯಲ್ಲಿ ಆಡುವ ಅರಬ್ಬಿಗೂ ಪುಸ್ತಕದ ಅರಬ್ಬಿಗೂ ನಡುವಿನ ದೂರವನ್ನು ಅಲ್ಲಿನ ಮಗು ಮೊದಲ ತರಗತಿಯಲ್ಲೇ ದಾಟಬೇಕು. ಹಳಗನ್ನಡವನ್ನೇ ಒಂದನೇ ತರಗತಿಗೆ ಪಠ್ಯವಾಗಿಟ್ಟರೆ ನಮ್ಮ ಮಕ್ಕಳ ಪಾಡು ಏನಾದೀತೋ ಅದರ ಸೌಮ್ಯ ರೂಪ ಇದು.

ಫಲವಾಗಿ, ಪುಸ್ತಕ ಎರವಲು ಕೊಡುವವರಾಗಿದ್ದ ಗ್ರಂಥಪಾಲಕರು ಓದಿನ ಕಾರ್ಯಕ್ರಮದ ಹೊಣೆಗಾರರಾದರು. ಅವರ ಮೂಲ ಪದವಿಯಲ್ಲಿ ವರ್ಗೀಕರಣ ಇತ್ತು, ಸೂಚೀಕರಣ ಇತ್ತು. ಆರು ವರ್ಷದ ಮಗುವಿಗೆ ಅಕ್ಷರ ಮತ್ತು ಧ್ವನಿಯ ನಂಟು ಹೇಗೆ ಕೂರುತ್ತದೆ ಎಂಬುದು ಇರಲಿಲ್ಲ. ವೆಬಿನಾರ್‌ಗಳಲ್ಲಿ ಓದಿನ ಕಲಿಕೆಗೆ ಇಷ್ಟು ಜಾಗ ಸಿಕ್ಕಿದ್ದು ಈ ಕೊರತೆಯಿಂದ. ದುಬೈ ಸಾಹಿತ್ಯೋತ್ಸವವನ್ನು ನಡೆಸುವ ಎಮಿರೇಟ್ಸ್ ಲಿಟರೇಚರ್ ಫೌಂಡೇಶನ್ ಶಾಲಾ ಗ್ರಂಥಪಾಲಕರಿಗೆಂದೇ ಪ್ರಶಸ್ತಿ ಇಟ್ಟಿದ್ದೂ ಇದೇ ಬದಲಾವಣೆಯ ಗುರುತು.

2020ರ ಮಾರ್ಚ್

ಆನ್‌ಲೈನ್ ತರಬೇತಿ ಆಗ ಹೊಸತೇನಲ್ಲ. ಅಮೆರಿಕದ ಒಸಿಎಲ್‌ಸಿ ಸಂಸ್ಥೆಯ ‘ವೆಬ್‌ಜಂಕ್ಷನ್’ 2003ರಿಂದ ಗ್ರಂಥಾಲಯ ಸಿಬ್ಬಂದಿಗೆ ಅಂತರಜಾಲದಲ್ಲಿ ಪಾಠ ನಡೆಸುತ್ತಿತ್ತು. ಆದರೆ ಯುಎಇಯಲ್ಲಿ ಒಂದು ವಿಚಿತ್ರ ತಡೆ ಇತ್ತು. ಅಂತರಜಾಲದ ಮೂಲಕ ಮಾತಾಡುವ ಸೇವೆಗಳ ಮೇಲೆ ಅಲ್ಲಿನ ದೂರಸಂಪರ್ಕ ಪ್ರಾಧಿಕಾರದ ಬಿಗಿ ನಿಯಂತ್ರಣ. ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಊರಿಗೆ ಫೋನ್ ಮಾಡುವ ಪ್ರತಿ ಕನ್ನಡಿಗನಿಗೂ ಇದು ಗೊತ್ತು.

ಕೋವಿಡ್ ಬಂದಾಗ 2020ರ ಮಾರ್ಚ್ 8ರಿಂದ ಶಾಲೆಗಳು ಮುಚ್ಚಿದವು. ವಸಂತದ ರಜೆಯನ್ನು ಮುಂಚಿತವಾಗಿಯೇ ಕೊಟ್ಟು, ಮಾರ್ಚ್ 22ರಿಂದ ದೂರಕಲಿಕೆ ಶುರುಮಾಡಲಾಯಿತು. ಅದೇ ದಿನಗಳಲ್ಲಿ ಜೂಮ್, ಮೈಕ್ರೋಸಾಫ್ಟ್ ಟೀಮ್ಸ್, ವೆಬೆಕ್ಸ್‌ಗಳಂಥ ವೇದಿಕೆಗಳಿಗೆ ಪ್ರಾಧಿಕಾರ ದಾರಿ ಬಿಟ್ಟುಕೊಟ್ಟಿತು. ಮಾರ್ಚ್ ಓದಿನ ತಿಂಗಳೂ ಆಗಿತ್ತು ಎಂಬುದನ್ನು ಗಮನಿಸಬೇಕು: ವರ್ಷವಿಡೀ ಯೋಜಿಸಿದ ಕಾರ್ಯಕ್ರಮಗಳನ್ನು ಮುಚ್ಚಿದ ಗ್ರಂಥಾಲಯದಿಂದಲೇ ನಡೆಸಬೇಕಾಯಿತು. ಮುದ್ರಿತ ಪುಸ್ತಕ ಕೈಗೆ ಸಿಗದ ಸ್ಥಿತಿಯಲ್ಲಿ ಸೋರಾ, ಲಿಬ್ಬಿಯಂಥ ಇ-ಪುಸ್ತಕ ವೇದಿಕೆಗಳನ್ನು ವಾರದೊಳಗೆ ಕಲಿತು ಮಕ್ಕಳಿಗೂ ಪೋಷಕರಿಗೂ ಕಲಿಸುವ ಕೆಲಸ ಬಂತು. ಪ್ರಕಾಶಕರು, ದತ್ತಸಂಚಯ ಕಂಪನಿಗಳು ತಾತ್ಕಾಲಿಕವಾಗಿ ಸಂಗ್ರಹಗಳನ್ನು ಉಚಿತವಾಗಿ ತೆರೆದಿಟ್ಟವು, ಜೊತೆಗೆ ಅವುಗಳನ್ನು ಬಳಸುವ ವೆಬಿನಾರ್‌ಗಳನ್ನೂ ನಡೆಸಿದವು. ಅವಧಿ ಮುಗಿದ ಮೇಲೆ ಬೆಲೆಪಟ್ಟಿ ಬಂತು, ಅದು ವ್ಯಾಪಾರದ ಸಹಜ ಕ್ರಮ.

ಭಾರತದಲ್ಲೂ ಅದು ವೆಬಿನಾರ್‌ಗಳ ಸುಗ್ಗಿಯ ಕಾಲ. ಕಾಲೇಜಿಗೊಂದರಂತೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಗೋಷ್ಠಿಗಳು ನಡೆದವು. ಕೊನೆಯಲ್ಲಿ ಗೂಗಲ್ ಫಾರ್ಮ್ ತುಂಬಿದವರಿಗೆಲ್ಲ ಇ-ಪ್ರಮಾಣಪತ್ರ. ಗೋಷ್ಠಿಯ ಕೊನೆಯ ಐದು ನಿಮಿಷಕ್ಕೆ ಸರಿಯಾಗಿ ಬಂದು ಫಾರ್ಮ್ ಕೇಳುವವರ ಬಗ್ಗೆ ನಗೆಚಟಾಕಿಗಳೂ ಹುಟ್ಟಿಕೊಂಡವು. ದುಬೈನ ಭಾರತೀಯ ಗ್ರಂಥಪಾಲಕರಿಗೆ ಇವು ಹತ್ತಿರದವು. ಭಾಷೆಯ ಧಾಟಿ ಪರಿಚಿತ, ಸಮಯದ ಅಂತರ ಒಂದೂವರೆ ಗಂಟೆ ಮಾತ್ರ: ಬೆಂಗಳೂರಿನ ಬೆಳಗಿನ 11 ಗಂಟೆ ದುಬೈನಲ್ಲಿ ಒಂಬತ್ತೂವರೆ.

ಗಡಿಯಾರ, ವಾರ, ವರ್ಷ

ಸಮಯದ ವಿಷಯ ಚಿಕ್ಕದೆನಿಸಿದರೂ ಯಾರು ಏನನ್ನು ಕಲಿಯುತ್ತಾರೆ ಎಂಬುದನ್ನು ಅದು ನಿರ್ಧರಿಸುತ್ತದೆ. ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ 2 ಗಂಟೆಗೆ ಇಟ್ಟ ಗೋಷ್ಠಿ ದುಬೈನಲ್ಲಿ ಬೇಸಿಗೆಯಾದರೆ ರಾತ್ರಿ 10, ಚಳಿಗಾಲವಾದರೆ 11. ಲಂಡನ್ನಿನ ಸಂಜೆ 4 ಅಲ್ಲಿ ರಾತ್ರಿ ಏಳೋ ಎಂಟೋ. ಹೀಗಾಗಿ ಅಮೆರಿಕದ ವೆಬಿನಾರ್‌ಗಳನ್ನು ನೇರವಾಗಿ ಕೇಳುವವರು ಕಡಿಮೆ, ರೆಕಾರ್ಡಿಂಗ್ ನೋಡುವವರೇ ಹೆಚ್ಚು. ಪ್ರಶ್ನೆ ಕೇಳುವ ಅವಕಾಶ ಅಲ್ಲಿಗೆ ಮುಗಿಯಿತು. 2021ರ ಕೊನೆಯವರೆಗೆ ಯುಎಇಯ ವಾರಾಂತ್ಯ ಶುಕ್ರವಾರ ಮತ್ತು ಶನಿವಾರ. ಪಶ್ಚಿಮದವರು ದುಡಿಯುವ ಶುಕ್ರವಾರ ಯುಎಇಯಲ್ಲಿ ರಜೆ, ಯುಎಇಯಲ್ಲಿ ಶಾಲೆ ನಡೆಯುವ ಭಾನುವಾರ ಪಶ್ಚಿಮದಲ್ಲಿ ರಜೆಯಾಗಿತ್ತು. 2022ರ ಜನವರಿ 1ರಿಂದ ಶನಿವಾರ, ಭಾನುವಾರ ರಜೆ ಮತ್ತು ಶುಕ್ರವಾರ ಅರ್ಧ ದಿನದ ಪದ್ಧತಿ ಬಂದು ಈ ಹೊಂದಾಣಿಕೆ ಕೊಂಚ ಸರಿಹೋಯಿತು. ರಂಜಾನ್ ತಿಂಗಳಲ್ಲಿ ಶಾಲೆಯ ಅವಧಿ ಮೊಟಕಾಗುತ್ತದೆ, ಗೋಷ್ಠಿಗಳೂ ವಿರಳವಾಗುತ್ತವೆ.

ಶಾಲಾ ವರ್ಷವೂ ಒಂದೇ ಇಲ್ಲ. ಬ್ರಿಟಿಷ್, ಅಮೆರಿಕನ್, ಐಬಿ (ಇಂಟರ್ನ್ಯಾಷನಲ್ ಬ್ಯಾಕಲೋರಿಯೇಟ್) ಶಾಲೆಗಳಿಗೆ ಆಗಸ್ಟ್ ಕೊನೆಯಿಂದ ಜೂನ್; ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್‌ನಿಂದ ಮಾರ್ಚ್. ಓದಿನ ತಿಂಗಳಾದ ಮಾರ್ಚ್ ಭಾರತೀಯ ಶಾಲೆಗಳಿಗೆ ಪರೀಕ್ಷೆಯ ತಿಂಗಳು. ದುಬೈನ ಖಾಸಗಿ ಶಾಲೆಗಳಲ್ಲಿ 17 ಬಗೆಯ ಪಠ್ಯಕ್ರಮಗಳಿವೆ ಎಂದು ಅಲ್ಲಿನ ಶಿಕ್ಷಣ ಪ್ರಾಧಿಕಾರ ಲೆಕ್ಕ ಕೊಡುತ್ತದೆ. ಎಲ್ಲರಿಗೂ ಹೊಂದುವ ಒಂದು ತರಬೇತಿ ಎಂಬುದು ಇಲ್ಲಿ ಕಷ್ಟಸಾಧ್ಯ.

ಮಾಹಿತಿ ಸಾಕ್ಷರತೆ

ವೆಬಿನಾರ್‌ಗಳಲ್ಲಿ ಅತ್ಯಂತ ಹುರುಪಿನಿಂದ ಚರ್ಚೆಯಾಗುವ ವಿಷಯ ಮಾಹಿತಿ ಸಾಕ್ಷರತೆ, ಎಂದರೆ ಮಾಹಿತಿಯನ್ನು ಹುಡುಕಿ ತೂಗಿ ನೋಡುವ ಕೌಶಲ. ಈ ಪರಿಕಲ್ಪನೆಯನ್ನು 1974ರಲ್ಲಿ ಅಮೆರಿಕದ ಪಾಲ್ ಝುರ್ಕೋವ್‌ಸ್ಕಿ ಮುಂದಿಟ್ಟರು. 2005ರಲ್ಲಿ ಯುನೆಸ್ಕೋ ಮತ್ತು ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಸೇರಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹೊರಡಿಸಿದ ಘೋಷಣೆ ಇದನ್ನು ಜೀವನಪೂರ್ತಿ ಕಲಿಕೆಯ ಬುನಾದಿ ಎಂದು ಮಾನ್ಯ ಮಾಡಿತು. ಐಬಿ ಶಾಲೆಗಳ ಡಿಪ್ಲೊಮಾ ವಿದ್ಯಾರ್ಥಿ 4,000 ಪದಗಳವರೆಗಿನ ಒಂದು ಸಂಶೋಧನ ಪ್ರಬಂಧ ಬರೆಯಲೇಬೇಕು. ಆಕರ ಹುಡುಕುವುದು, ಉಲ್ಲೇಖಿಸುವುದು, ಕೃತಿಚೌರ್ಯ ತಪ್ಪಿಸುವುದು ಇದನ್ನೆಲ್ಲ ಹೇಳಿಕೊಡುವ ಭಾರ ಗ್ರಂಥಪಾಲಕರ ಮೇಲೆ ಬೀಳುತ್ತದೆ. ಈ ಪ್ರಬಂಧವನ್ನೇ ಕುರಿತ ಗೋಷ್ಠಿಗಳಿಗೆ ದುಬೈ, ಅಬುಧಾಬಿಯಲ್ಲಿ ಕೇಳುಗರಿಗೆ ಬರವಿಲ್ಲ.

ಕಲಿಸುವ ವಿಧಾನವೂ ಮಾರ್ಪಟ್ಟಿದೆ. ಮೊದಮೊದಲು ಒಂದು ಜಾಲತಾಣವನ್ನು ಪಟ್ಟಿ ಹಿಡಿದು ಪರೀಕ್ಷಿಸುವ ಕ್ರಮ ಇತ್ತು: ಬರೆದವರು ಯಾರು, ಯಾವಾಗ, ಯಾವ ಉದ್ದೇಶಕ್ಕೆ, ಎಷ್ಟು ನಿಖರ. ಕ್ಯಾಲಿಫೋರ್ನಿಯಾದ ಚಿಕೋ ಕ್ಯಾಂಪಸ್‌ನ ಗ್ರಂಥಪಾಲಕರು ರೂಪಿಸಿದ ‘ಕ್ರಾಪ್’ ಪರೀಕ್ಷೆ ಇದರಲ್ಲಿ ಜನಪ್ರಿಯ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರಾದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. ಸತ್ಯ ಪರಿಶೀಲಿಸುವ ವೃತ್ತಿಯವರು ಅನುಮಾನದ ತಾಣದಲ್ಲಿ ಹೆಚ್ಚು ಹೊತ್ತು ಕಳೆಯುವುದೇ ಇಲ್ಲ. ತಕ್ಷಣ ಬೇರೆ ಕಿಟಕಿಗಳನ್ನು ತೆರೆದು ಆ ತಾಣದ ಬಗ್ಗೆ ಇತರರು ಏನೆನ್ನುತ್ತಾರೆ ಎಂದು ನೋಡುತ್ತಾರೆ. ಇತಿಹಾಸದ ಪಿಎಚ್‌ಡಿ ಪಡೆದವರು ಆ ತಾಣದಲ್ಲೇ ಕೂತು ಓದಿ ಮೋಸಹೋದರು. ಈ ಫಲಿತಾಂಶ ವೆಬಿನಾರ್‌ಗಳ ಮೂಲಕವೇ ಶಾಲಾ ಗ್ರಂಥಾಲಯಗಳಿಗೆ ಬೇಗ ತಲುಪಿತು. ಪಠ್ಯಪುಸ್ತಕಕ್ಕಾಗಿ ಕಾದಿದ್ದರೆ ಹತ್ತು ವರ್ಷ ಹಿಡಿಯುತ್ತಿತ್ತು.

ಯುಎಇಯಲ್ಲಿ ಈ ಪರಿಶೀಲನೆಗೆ ಕಾನೂನಿನ ಅಂಚೂ ಇದೆ. ವದಂತಿ ಮತ್ತು ಸೈಬರ್ ಅಪರಾಧಗಳ ವಿರುದ್ಧ 2021ರಲ್ಲಿ ಹೊರಡಿಸಿದ 34ನೇ ಸಂಖ್ಯೆಯ ಆದೇಶ-ಕಾನೂನು 2022ರ ಜನವರಿ 2ರಿಂದ ಜಾರಿಯಲ್ಲಿದೆ. ಸುಳ್ಳು ಸುದ್ದಿ ಹರಡುವುದು ಅಲ್ಲಿ ಶಿಕ್ಷಾರ್ಹ. ಫಾರ್ವರ್ಡ್ ಮಾಡುವ ಮುನ್ನ ಪರಿಶೀಲಿಸಬೇಕೆಂಬ ಮಾತು ಹದಿನೈದರ ಹುಡುಗನಿಗೆ ನೀತಿಪಾಠ ಮಾತ್ರವಾಗಿ ಉಳಿಯುವುದಿಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಗ್ರಂಥಾಲಯದ ಮೇಜಿಗೆ ಹೊಸ ಬಗೆಯ ಬೇಡಿಕೆ ಬರತೊಡಗಿತು. ವಿದ್ಯಾರ್ಥಿ ಒಂದು ಲೇಖನ ಕೇಳುತ್ತಾನೆ. ಲೇಖಕರು ನಿಜ, ನಿಯತಕಾಲಿಕವೂ ನಿಜ, ಸಂಪುಟ ಸಂಖ್ಯೆಯೂ ಸರಿಯಾಗಿ ಕಾಣುತ್ತದೆ. ಅಂಥ ಲೇಖನ ಮಾತ್ರ ಎಲ್ಲೂ ಇಲ್ಲ, ಯಂತ್ರ ಕಲ್ಪಿಸಿದ್ದು. ಲೇಖನದ ಶಾಶ್ವತ ಗುರುತಾದ ಡಿಒಐ ಸಂಖ್ಯೆ ಹಾಕಿ ನೋಡುವುದು, ಆ ಸಂಚಿಕೆಯ ಪರಿವಿಡಿ ತೆರೆಯುವುದು, ಸಂಶೋಧಕರ ಗುರುತು ದಾಖಲಿಸುವ ಆರ್ಕಿಡ್ ತಾಣದಲ್ಲಿ ಲೇಖಕರ ಪುಟ ಹುಡುಕುವುದು ಇವು ಹಳೆಯ ಆಕರಸೇವೆಯ ಕೌಶಲಗಳೇ. ಈಗ ಅವುಗಳಿಗೆ ಮತ್ತೆ ಬೆಲೆ ಬಂದಿದೆ. 2025-26ರ ಶಾಲಾ ವರ್ಷದಿಂದ ಯುಎಇಯ ಸರ್ಕಾರಿ ಶಾಲೆಗಳಲ್ಲಿ ಶಿಶುವಿಹಾರದಿಂದ 12ನೇ ತರಗತಿವರೆಗೆ ಕೃತಕ ಬುದ್ಧಿಮತ್ತೆ ಒಂದು ವಿಷಯವಾಗಿ ಸೇರಿದೆ. ಗ್ರಂಥಪಾಲಕರ ವೆಬಿನಾರ್‌ಗಳ ವಿಷಯಪಟ್ಟಿಯೂ ಅತ್ತಲೇ ವಾಲಿದೆ. ಆ ಮಟ್ಟಿಗೆ ಚಿಕ್ಕ ಮಕ್ಕಳ ಓದು ಹಿಂದೆ ಸರಿದಿರುವುದು ಈ ಲೇಖಕನ ದೃಷ್ಟಿಯಲ್ಲಿ ಸಂತೋಷದ ಬೆಳವಣಿಗೆಯಲ್ಲ. ಓದಿ ಅರ್ಥಮಾಡಿಕೊಳ್ಳಲಾಗದ ಮಗು ಯಂತ್ರದ ಉತ್ತರವನ್ನು ಪರಿಶೀಲಿಸುವುದಾದರೂ ಹೇಗೆ?

ಸಂಪನ್ಮೂಲಗಳು

ದುಬೈನ ಅಲ್ ಜದ್ದಾಫ್‌ನಲ್ಲಿ 2022ರ ಜೂನ್‌ನಲ್ಲಿ ತೆರೆದ ಮೊಹಮ್ಮದ್ ಬಿನ್ ರಾಶಿದ್ ಗ್ರಂಥಾಲಯ ಈ ಕ್ಷೇತ್ರದ ಹೊಸ ಕೇಂದ್ರ. ಕುರಾನ್ ಇಟ್ಟು ಓದುವ ವ್ಯಾಸಪೀಠದ ಆಕಾರದ ಏಳು ಅಂತಸ್ತಿನ ಕಟ್ಟಡಕ್ಕೆ ಒಂದು ಶತಕೋಟಿ ದಿರ್ಹಮ್ ಖರ್ಚಾಗಿದೆ. ಮುದ್ರಿತ ಮತ್ತು ಡಿಜಿಟಲ್ ಸೇರಿ 11 ಲಕ್ಷಕ್ಕೂ ಹೆಚ್ಚು ಪುಸ್ತಕಗಳು, 60 ಲಕ್ಷ ಸಂಶೋಧನ ಪ್ರಬಂಧಗಳು ಅಲ್ಲಿ ದೊರೆಯುತ್ತವೆಂದು ಉದ್ಘಾಟನೆಯ ಹೊತ್ತಿಗೆ ಪ್ರಕಟಿಸಲಾಗಿತ್ತು. ಪುಸ್ತಕ ತಂದುಕೊಡಲು ಯಂತ್ರವ್ಯವಸ್ಥೆ ಇದೆ. 2024ರ ನವೆಂಬರ್‌ನಲ್ಲಿ ಇದೇ ಕಟ್ಟಡದಲ್ಲಿ ದುಬೈ ಅಂತರರಾಷ್ಟ್ರೀಯ ಗ್ರಂಥಾಲಯ ಸಮ್ಮೇಳನ ನಡೆಯಿತು. ಅದೇ 2024ರಲ್ಲಿ ಗ್ರಂಥಾಲಯಗಳ ವಿಶ್ವಸಂಸ್ಥೆಯಂತಿರುವ ಇಫ್ಲಾದ ಮಹಾಸಮ್ಮೇಳನ ದುಬೈಗೆ ಬರುವುದೆಂದು ಮೊದಲು ನಿಗದಿಯಾಗಿ, ಆ ಆಯ್ಕೆಯ ಬಗ್ಗೆ ಸದಸ್ಯರೊಳಗೆ ವಾದವಿವಾದ ಎದ್ದು, ಕೊನೆಗೆ ಅದು ನಡೆಯಲೇ ಇಲ್ಲ. ಮುಂದಿನ ಮಹಾಸಮ್ಮೇಳನ 2025ರಲ್ಲಿ ಕಝಕ್‌ಸ್ತಾನದ ಅಸ್ತಾನಾದಲ್ಲಿ ಸೇರಿತು. ಅಬುಧಾಬಿಗೆ ಮಾತ್ರ ಪತ್ರಾಗಾರಗಳ ಅಂತರರಾಷ್ಟ್ರೀಯ ಮಂಡಳಿಯ ಮಹಾಧಿವೇಶನ 2023ರ ಅಕ್ಟೋಬರ್‌ನಲ್ಲಿ ಬಂದು ಸಾಂಗವಾಗಿ ನಡೆದಿತ್ತು.

ಅಬುಧಾಬಿಯಲ್ಲಿ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಇಲಾಖೆ ಸಾರ್ವಜನಿಕ ಗ್ರಂಥಾಲಯಗಳನ್ನು ‘ಮಕ್ತಬಾ’ ಹೆಸರಿನಲ್ಲಿ ನಡೆಸುತ್ತದೆ. ಕಲ್ಚರಲ್ ಫೌಂಡೇಶನ್‌ನ ಮಕ್ಕಳ ಗ್ರಂಥಾಲಯ 2019ರಲ್ಲಿ ಹೊಸ ರೂಪದಲ್ಲಿ ತೆರೆಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಬುಧಾಬಿ ಕ್ಯಾಂಪಸ್‌ನ ಬೆಂಬಲದಿಂದ ಬೆಳೆದ ‘ಅರೇಬಿಕ್ ಕಲೆಕ್ಷನ್ಸ್ ಆನ್‌ಲೈನ್’ ಹಳೆಯ ಅರಬ್ಬೀ ಪುಸ್ತಕಗಳನ್ನು ಯಾರಿಗೂ ಉಚಿತವಾಗಿ ತೆರೆದಿಟ್ಟಿದೆ. ದುಬೈ ಮೂಲದ ‘ಅಲ್ ಮನ್ಹಲ್’ ಚಂದಾ ಕೊಟ್ಟು ಬಳಸುವ ಅರಬ್ಬೀ ದತ್ತಸಂಚಯ.

ಅರಬ್ಬೀ ಸಂಪನ್ಮೂಲಗಳನ್ನು ಕುರಿತ ಗೋಷ್ಠಿಗಳಲ್ಲಿ ಮತ್ತೆಮತ್ತೆ ಬರುವುದು ಹುಡುಕಾಟದ ತೊಡಕು. ‘ಅಲ್’ ಎಂಬ ಪೂರ್ವಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ, ಅಲಿಫ್ ಅಕ್ಷರವನ್ನು ಹಮ್ಝಾದೊಡನೆಯೂ ಹಮ್ಝಾ ಇಲ್ಲದೆಯೂ ಬರೆಯುತ್ತಾರೆ, ಸ್ವರಚಿಹ್ನೆಗಳನ್ನು ಬಿಡುತ್ತಾರೆ. ಇದೆಲ್ಲವನ್ನೂ ಸರಿದೂಗಿಸದ ತಂತ್ರಾಂಶದಲ್ಲಿ ವಿದ್ಯಾರ್ಥಿ ಸರಿಯಾಗಿ ಬರೆದರೂ ಪುಸ್ತಕ ಸಿಗುವುದಿಲ್ಲ. ರೋಮನ್ ಲಿಪಿಯಲ್ಲಿ ಬರೆದ ಹೆಸರುಗಳದ್ದು ಇನ್ನೊಂದು ಗೋಜಲು. ಲೈಬ್ರರಿ ಆಫ್ ಕಾಂಗ್ರೆಸ್‌ನ ಲಿಪ್ಯಂತರ ಪಟ್ಟಿ ಒಂದು ರೀತಿ ಹೇಳಿದರೆ ಲೇಖಕರ ಪಾಸ್‌ಪೋರ್ಟ್ ಇನ್ನೊಂದು ರೀತಿ ಹೇಳುತ್ತದೆ. ರಿಯಾದ್‌ನಲ್ಲಿ ನೆಲೆಸಿರುವ ಅರಬ್ ಸಂಯುಕ್ತ ಸೂಚಿ ಹೆಸರುಗಳ ಒಂದೇ ರೂಪ ನಿಗದಿಪಡಿಸಲು ಶ್ರಮಿಸುತ್ತಿದೆ. ಕನ್ನಡದ ಗ್ರಂಥಪಾಲಕರಿಗೆ ಈ ಸಂಕಟ ವಿವರಿಸಿ ಹೇಳಬೇಕಾಗಿಲ್ಲ. ಒಬ್ಬನೇ ಸಾಹಿತಿ ಊರ ಹೆಸರಿನಿಂದ, ಕಾವ್ಯನಾಮದಿಂದ, ಇನಿಶಿಯಲ್‌ಗಳಿಂದ ಮೂರು ಕಡೆ ಪಟ್ಟಿಯಾಗಿರುವುದನ್ನು ಅವರು ಕಂಡವರೇ.

ವಿಶ್ವವಿದ್ಯಾಲಯಗಳಲ್ಲಿ ಬೇರೆ ವಿಷಯಗಳು ಮುಂದೆ ಬರುತ್ತವೆ: ಸಂಶೋಧನೆಯನ್ನು ಎಲ್ಲರಿಗೂ ತೆರೆದಿಡುವ ಮುಕ್ತ ಪ್ರವೇಶ, ಸ್ಕೋಪಸ್ ಎಂಬ ಉಲ್ಲೇಖ ದತ್ತಸಂಚಯದ ಅಂಕಿಸಂಖ್ಯೆ, ದುಡ್ಡಿಗೆ ಲೇಖನ ಪ್ರಕಟಿಸುವ ನಕಲಿ ನಿಯತಕಾಲಿಕಗಳು. ದುಬೈನ ನಾಲೆಜ್ ಇ ಕಂಪನಿಯ ಆಶ್ರಯದಲ್ಲಿ 2022ರಲ್ಲಿ ಮೊದಲಾದ ಮುಕ್ತ ಸಂಶೋಧನ ವೇದಿಕೆ ಈ ಬಗ್ಗೆ ಇಡೀ ಅರಬ್ ಪ್ರದೇಶಕ್ಕೆ ಗೋಷ್ಠಿಗಳನ್ನು ನಡೆಸುತ್ತಿದೆ.

ಕೊರತೆಗಳು

ಉಚಿತ ವೆಬಿನಾರ್‌ಗಳಲ್ಲಿ ದೊಡ್ಡ ಪಾಲು ಕಂಪನಿಗಳದ್ದು. ದತ್ತಸಂಚಯ ಮಾರುವವರು ದತ್ತಸಂಚಯ ಬಳಸುವುದನ್ನು ಚೆನ್ನಾಗಿಯೇ ಕಲಿಸುತ್ತಾರೆ. ಅದನ್ನು ಕೊಳ್ಳದೆಯೂ ಕೆಲಸ ಸಾಗುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಎರಡನೆಯ ತೊಂದರೆ ಆಮದಾದ ಸಂದರ್ಭದ್ದು. ಟೆಕ್ಸಾಸ್ ರಾಜ್ಯ ಗ್ರಂಥಾಲಯದ ಪ್ರಸಿದ್ಧ ‘ಕ್ರೂ’ ಕೈಪಿಡಿಯ ಆಧಾರದಲ್ಲಿ ಹಳೆಯ ಪುಸ್ತಕಗಳನ್ನು ಕಳೆದುಹಾಕುವ ಕ್ರಮವನ್ನು ಅಮೆರಿಕದ ಗೋಷ್ಠಿಗಳು ಕಲಿಸುತ್ತವೆ. ಯುಎಇಯ ಓದಿನ ಕಾನೂನು ಪುಸ್ತಕವನ್ನು ಹಾಳುಮಾಡದೆ ಮರುಬಳಕೆಗೋ ದಾನಕ್ಕೋ ಕೊಡಬೇಕೆನ್ನುತ್ತದೆ. ಪುಸ್ತಕ ನಿಷೇಧದ ವಿರುದ್ಧ ಹೋರಾಟ ಕಳೆದ ಕೆಲವು ವರ್ಷಗಳಿಂದ ಅಮೆರಿಕದ ಗ್ರಂಥಪಾಲಕರ ದೊಡ್ಡ ವಿಷಯ. ಧರ್ಮ ಮತ್ತು ಸಂಸ್ಕೃತಿಗೆ ಒಪ್ಪುವ ಪುಸ್ತಕಗಳನ್ನಷ್ಟೇ ಶಾಲೆಯಲ್ಲಿಡಬೇಕಾದ ದುಬೈನ ಗ್ರಂಥಪಾಲಕರು ಅದನ್ನು ದೂರದ ಸುದ್ದಿಯಂತೆ ಕೇಳುತ್ತಾರೆ. ತನ್ನ ನೆಲಕ್ಕೆ ಬೇಕಾದ ಆಯ್ಕೆ ನೀತಿಯನ್ನು ಬರೆಯುವುದು ಹೇಗೆಂದು ಹೇಳಿಕೊಡುವ ಗೋಷ್ಠಿಗಳು ವಿರಳ.

ಪರಿಣಾಮದ ಅಳತೆಯೂ ದುರ್ಬಲ. ತರಬೇತಿಯ ಮೌಲ್ಯಮಾಪನಕ್ಕೆ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಹಂತ ಸೂಚಿಸಿದ್ದರು: ಕೇಳುಗರ ಮೆಚ್ಚುಗೆ, ಕಲಿತದ್ದು, ಕೆಲಸದಲ್ಲಿ ಬದಲಾದದ್ದು, ಅದರ ಫಲ. ಹೆಚ್ಚಿನ ವೆಬಿನಾರ್‌ಗಳು ಮೊದಲ ಹಂತದಲ್ಲೇ ನಿಲ್ಲುತ್ತವೆ. ಐದರಲ್ಲಿ ಎಷ್ಟು ನಕ್ಷತ್ರ ಎಂದು ಕೇಳಿ ಪ್ರಮಾಣಪತ್ರ ಕಳಿಸಿದರೆ ಮುಗಿಯಿತು. ರೆಕಾರ್ಡಿಂಗ್‌ಗಳ ಗತಿಯೂ ಅಷ್ಟೆ. ಆಯೋಜಕರ ಒಪ್ಪಂದ ಮುಗಿದೊಡನೆ ಲಿಂಕ್ ಸತ್ತುಹೋಗುತ್ತದೆ. ವಿಷಯವಾರು ಪಟ್ಟಿ ಮಾಡಿ ಉಳಿಸುವ ಕೆಲಸವನ್ನು, ಪಟ್ಟಿ ಮಾಡುವುದೇ ಕಸುಬಾಗಿರುವ ಈ ಜನ ತಮ್ಮದೇ ತರಬೇತಿಯ ವಿಷಯದಲ್ಲಿ ಬಿಟ್ಟಿದ್ದಾರೆ.

ಕರ್ನಾಟಕದ ನಂಟು

ಕೊಲ್ಲಿಯ ಗ್ರಂಥಾಲಯಗಳಿಗೆ ಭಾರತದಿಂದ ಹೋದವರ ವೃತ್ತಿಶಿಕ್ಷಣದಲ್ಲಿ ಎಸ್. ಆರ್. ರಂಗನಾಥನ್ ಅವರ ನೆರಳು ಇದೆ. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರವಾದ ಡಿಆರ್‌ಟಿಸಿ ಸ್ಥಾಪಿಸಿದರು. ತೀರಿಕೊಂಡದ್ದೂ ಅದೇ ಊರಿನಲ್ಲಿ, 1972ರಲ್ಲಿ. ಮಣಿಪಾಲದ ವಿಶ್ವವಿದ್ಯಾಲಯ 2000ದಲ್ಲಿ ದುಬೈನಲ್ಲಿ ಕ್ಯಾಂಪಸ್ ತೆರೆದದ್ದು ಕರ್ನಾಟಕದ ಶಿಕ್ಷಣ ಅಲ್ಲಿಗೆ ನೇರವಾಗಿ ಹೋದ ಉದಾಹರಣೆ. ಸಿಬಿಎಸ್‌ಇ ಶಾಲೆಗಳ ಶಿಕ್ಷಕರು ವರ್ಷಕ್ಕೆ 50 ಗಂಟೆ ತರಬೇತಿ ಪಡೆಯಬೇಕೆಂಬ ನಿಯಮವಿದೆ. ಅದರ ಗಾಳಿ ದುಬೈನ ಭಾರತೀಯ ಶಾಲೆಗಳಿಗೂ ಬೀಸಿದೆ. ಗ್ರಂಥಪಾಲಕರನ್ನು ಬೋಧಕರ ಸಾಲಿಗೆ ಸೇರಿಸುವುದೋ ಕಚೇರಿ ಸಿಬ್ಬಂದಿಯ ಸಾಲಿಗೋ ಎಂಬುದು ಶಾಲೆಯಿಂದ ಶಾಲೆಗೆ ಬೇರೆ, ತರಬೇತಿಗೆ ಸಿಗುವ ಸಮಯವೂ ಹಣವೂ ಅದಕ್ಕೆ ತಕ್ಕಂತೆ.

ದೂರದಿಂದ ಕಲಿಸುವ ವಿದ್ಯೆಯಲ್ಲಿ ಕರ್ನಾಟಕವೇ ಮುಂದಿತ್ತೆಂದರೆ ಕೆಲವರಿಗೆ ಅಚ್ಚರಿಯಾದೀತು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಉಪಗ್ರಹದ ಮೂಲಕ ಪಂಚಾಯಿತಿ ಸದಸ್ಯರಿಗೆ ಪಾಠ ಹೇಳುತ್ತಿದ್ದ ಕಾಲಕ್ಕೆ ಜೂಮ್ ಹುಟ್ಟಿಯೇ ಇರಲಿಲ್ಲ. 2019ರಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಮರುವರ್ಷ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಆಗ ಆ ಗ್ರಂಥಾಲಯಗಳ ಮೇಲ್ವಿಚಾರಕರಿಗೆ ಬೇಕಾದ ತಿಳಿವಳಿಕೆಯೂ ದುಬೈನ ಗ್ರಂಥಪಾಲಕರಿಗೆ 2016ರಲ್ಲಿ ಬೇಕಾದದ್ದೂ ಹೆಚ್ಚು ಬೇರೆಯಲ್ಲ: ಪುಸ್ತಕ ಕಾಯುವವರು ಮಕ್ಕಳನ್ನು ಕೂರಿಸಿಕೊಂಡು ಓದಿಸುವವರಾಗಬೇಕಿತ್ತು.

ದುಬೈ, ಅಬುಧಾಬಿಯ ಹೆಚ್ಚಿನ ಭಾರತೀಯ ಶಾಲೆಗಳಲ್ಲಿ ಕನ್ನಡ ಪಾಠವಿಲ್ಲದ್ದರಿಂದ ಗ್ರಂಥಾಲಯದ ಕಪಾಟಿನಲ್ಲೂ ಅದು ಕಾಣುವುದು ಅಪರೂಪ. ಕನ್ನಡ ಮಿತ್ರರು ಬಳಗ ನಡೆಸುವ ಉಚಿತ ಕನ್ನಡ ಪಾಠಶಾಲೆ ಅಕ್ಷರ ಕಲಿಸುತ್ತದೆ. ಅಕ್ಷರ ಬಂದ ಮಗುವಿಗೆ ಓದಲು ಕೊಡುವುದು ಏನನ್ನು ಎಂಬ ಪ್ರಶ್ನೆಗೆ ಉತ್ತರ ಅಂತರಜಾಲದಲ್ಲಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಮುಕ್ತ ಪರವಾನಗಿಯ ಚಿತ್ರಕಥೆಗಳು ಕನ್ನಡದಲ್ಲೂ ಇವೆ, ಅರಬ್ಬಿಯಲ್ಲೂ ಇವೆ; ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿಟ್ಟಿದ್ದಾರೆ, ಇಳಿಸಿಕೊಂಡು ಮುದ್ರಿಸಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ (2016) ನಿಘಂಟುಗಳಿಗೆ, ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಆರಂಭಿಸಿದ ಡಿಜಿಟಲ್ ಗ್ರಂಥಾಲಯ ಪಠ್ಯ ಮತ್ತು ಕಥೆಗಳಿಗೆ, ಕನ್ನಡದ ಜಾಲ ಜ್ಞಾನಕೋಶ ‘ಕಣಜ’ ಸಾಮಾನ್ಯ ಜ್ಞಾನಕ್ಕೆ ಒದಗುತ್ತವೆ. ಕೊಲ್ಲಿಯ ವೆಬಿನಾರ್‌ಗಳು ನಡೆಯುವುದು ಇಂಗ್ಲಿಷ್ ಮತ್ತು ಅರಬ್ಬಿಯಲ್ಲಿ. ಅವುಗಳ ಸಂಪನ್ಮೂಲ ಪಟ್ಟಿಯಲ್ಲಿ ಈ ತಾಣಗಳ ಹೆಸರು ಬರುವುದಿಲ್ಲ. ಭಾರತೀಯ ಶಾಲೆಯ ಗ್ರಂಥಪಾಲಕರೋ ಪಾಠಶಾಲೆಯ ಸ್ವಯಂಸೇವಕರೋ ತಾವೇ ಹುಡುಕಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪೋಷಕರಿಗೆ ಕಳಿಸಬೇಕು.